ಗುಬ್ಬಿಯ ಪಥ್ಯ

ವೈರ್‌ಮನ್ ಕೆಟ್ಟವನೇನಲ್ಲ. ಮಗಳೆಂದರೆ ಪ್ರಾಣ ಬಿಡುತ್ತಿದ್ದ. ಆ ಪ್ರೀತಿಯೇ ಪುಣ್ಯಾತ್ಮನ ತಲೆ ಕೆಡಿಸಿತು.

ಮಗಳು ತೀರಾ ಸಣ್ಣ ಹುಡುಗಿ, ಮನೆಯಲ್ಲಿ ಕರೆಯುವುದು ಗುಬ್ಬಿ ಎಂದು. ದೊಡ್ಡ ಜ್ವರದಿಂದ ಎದ್ದು ಆಸ್ಪತ್ರೆಯಿಂದ ಮನೆಗೆ ಹೊರಟಾಗ ಡಾಕ್ಟರಮ್ಮ ಹೇಳಿದ್ದು ಒಂದೇ ಮಾತು: "ಎಲ್ಲಾ ಕೊಡಿ, ಮೈ ಹತ್ತಲಿ." ಅಷ್ಟಕ್ಕೆ ಇವನಿಗೆ ಸಮಾಧಾನವಾದೀತೇ? ಏಣಿ ಹತ್ತಿ ವೈರು ಎಳೆಯುವಾಗಲೂ ಕಿವಿಯಲ್ಲಿ ಆರೋಗ್ಯದ ವಿಡಿಯೊ. ಹಾಲು ಕಫ ಎಂದರು ಯಾರೋ, ಹಾಲು ನಿಂತಿತು. ಮೊಟ್ಟೆಯಿಂದ ರಕ್ತ ಕೆಡುತ್ತದೆ ಎಂದರು ಇನ್ಯಾರೋ, ಅದೂ ಹೋಯಿತು. ಬಾಳೆಹಣ್ಣು ಶೀತ, ಬ್ರೆಡ್ಡು ವಿಷ, ಅನ್ನವೆಂದರೆ ಬರೀ ಸಕ್ಕರೆ. ಊಟಕ್ಕೆ ಕೂತಾಗ ಹೆಂಡತಿಗೂ ತಿಳಿಯಲಿ ಎಂದು ಫೋನನ್ನು ಗಟ್ಟಿಯಾಗಿಯೇ ಹಾಕಿ, "ಎಲ್ಲಾ ನಿಜ ಕಣೇ" ಎನ್ನುತ್ತಿದ್ದ. ಗುಬ್ಬಿಯೂ ಪಕ್ಕದಲ್ಲಿರುತ್ತಿದ್ದಳು.

"ಹಾಗಾದ್ರೆ ಮಗು ಏನ್ರೀ ತಿನ್ಬೇಕು? ಗಾಳೀನಾ?" ಎಂದು ಹೆಂಡತಿ ರೇಗಿದರೆ, "ಸ್ವಲ್ಪ ತಡಿಯೇ, ಹುಡುಕ್ತಾ ಇದೀನಲ್ಲ!" ಎನ್ನುತ್ತಿದ್ದ.

ಮತ್ತೆ ಆಸ್ಪತ್ರೆಗೆ ಹೋದಾಗ ಗುಬ್ಬಿಯ ತೂಕ ಇನ್ನೂ ಇಳಿದಿತ್ತು. "ಏನು ತಿಂತಾಳೆ?" ಎಂದರು ಡಾಕ್ಟರಮ್ಮ. ಅವನು ಹಾಲಿನ ದೋಷ, ಮೊಟ್ಟೆಯ ದೋಷ ಎಲ್ಲ ಒದರಿದ.

"ಏನು ತಿನ್ಬಾರದು ಅಂತ ಕೇಳ್ಲಿಲ್ಲ. ಏನು ತಿಂತಾಳೆ?"

ಅವನು ಜೇಬಿನ ಫೋನಿಗೆ ಕೈ ಹಾಕಿದ.

"ಇವತ್ತಿಂದಾನೇ ತಿನ್ನಿಸಿ. ಇನ್ನೂ ಇಳಿದ್ರೆ ಮಗು ಉಳಿಯೋದು ಕಷ್ಟ."

ಮನೆಗೆ ಬಂದವನೇ ವಿಡಿಯೊಗಳನ್ನೆಲ್ಲ ಅಳಿಸಿದ, ಗ್ರೂಪುಗಳಿಂದೆಲ್ಲ ಹೊರಬಿದ್ದ. ಅದೂ ಸಾಲದೆ ಫೋನನ್ನೇ ಆಫ್ ಮಾಡಿ ಅಟ್ಟಕ್ಕೆ ಎಸೆದ. ಹಾಳು ಸಂತೆ ಮುಗಿದಂತೆ ಮನೆ ತಣ್ಣಗಾಯಿತು. ಹೆಂಡತಿ ಓಡಿಹೋಗಿ ಮೊಟ್ಟೆ ಬೇಯಿಸಿ ತಂದಳು. ಅವನು ಚೂರು ಮುರಿದು ಮಗಳ ಬಾಯಿಯ ಹತ್ತಿರ ಹಿಡಿದ.

ಗುಬ್ಬಿ ತುಟಿ ಬಿಗಿದಳು.

"ತಿನ್ನು, ನನ್ನ ಬಂಗಾರ."

"ಮೊಟ್ಟೆ ತಿಂದ್ರೆ ರಕ್ತ ಕೆಡುತ್ತೆ. ಸತ್ತೋಗ್ತೀನಪ್ಪಾ."

"ಅಯ್ಯೋ, ಇಲ್ಲ ಕಣೇ! ಅದೆಲ್ಲ ಬರೀ ಸುಳ್ಳು."

"ನೀನೇ ಹೇಳಿದ್ಯಲ್ಲ, ನಿಜ ಅಂತ?"

ಮಗುವಿಗೆ ಹಸಿವಿತ್ತು. ಕಣ್ಣು ತಟ್ಟೆಯ ಮೇಲೇ ಇತ್ತು. ಆದರೆ ಬಾಯಿ ತೆರೆಯಲಿಲ್ಲ. ಅವನು ಮುದ್ದು ಮಾಡಿದ, ಗದರಿದ, ಕೊನೆಗೆ "ನಿನ್ನ ಕಾಲಿಗೆ ಬೀಳ್ತೀನಿ, ಒಂದೇ ಒಂದು ತುತ್ತು" ಎಂದು ಬಿದ್ದೇಬಿಟ್ಟ. ಹೆಂಡತಿ ಗೋಡೆಗೆ ಮುಖ ಮಾಡಿ ಬಿಕ್ಕಿದಳು.

ಇನ್ನೇನೂ ತೋಚಲಿಲ್ಲ. "ನೋಡಿಲ್ಲಿ, ನಾನೇ ತಿಂತೀನಿ. ನಂಗೇನಾಗತ್ತೆ ನೋಡು" ಎಂದು ಆ ಚೂರನ್ನು ತನ್ನ ಬಾಯಿಗೇ ಹಾಕಿಕೊಂಡ.

ಗುಬ್ಬಿ ಕಿಟಾರನೆ ಕಿರುಚಿ ಅವನ ಮೇಲೆ ಬಿದ್ದಳು. "ಉಗುಳಪ್ಪಾ! ಉಗುಳು!" ಎಂದು ಅಳುತ್ತ, ಕಡ್ಡಿಯಂಥ ಬೆರಳುಗಳನ್ನು ಅವನ ಬಾಯಿಗೆ ತುರುಕಿ, ಆ ಮೊಟ್ಟೆಯ ಚೂರನ್ನು ಹೊರಗೆ ತೆಗೆಯಲು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕತೊಡಗಿದಳು.