ಅಕ್ಕನ ಹೆಸರಲ್ಲಿದ್ದ ಜಾಗ

“ಲಗೂನ ಒಳಗ ಹೋಗ್ರಿ. ಸ್ವಾಮಿಗೋಳು ಬಂದ್ರಂದ್ರ ಮುಗೀತು,” ಎನ್ನುತ್ತ ಶಕುಂತಲಾ ಗಂಡನ ಕೈಗೆ ಶಾಯಿ ಪ್ಯಾಡು ತುರುಕಿದಳು.

ಮಹಾರುದ್ರಪ್ಪ ಅದನ್ನು ಜುಬ್ಬಾದ ಜೇಬಿಗೆ ಇಳಿಸಿದ. ಇನ್ನೊಂದು ಜೇಬಿನಲ್ಲಿ ಅಕ್ಕ ನೀಲವ್ವನ ಹೆಸರಿನ ಮೃತ್ಯುಪತ್ರವಿತ್ತು, ಸೈಟು ತಮ್ಮನಿಗೆ ಎಂಬ ಉಯಿಲು. ಬೆಳಗಿನ ಜಾವ ಅವಳು ತೀರಿಕೊಂಡ ಸುದ್ದಿ ಬಂದ ಮೇಲೆ ಅವನೇ ಕೂತು ಬರೆದದ್ದು. ನೋಂದಣಿ ಕಚೇರಿಯಲ್ಲಿ ಮೂವತ್ತಮೂರು ವರ್ಷ ಸವೆಸಿದ ಗುಮಾಸ್ತನ ಒಕ್ಕಣೆಯಲ್ಲಿ ತಪ್ಪು ಹುಡುಕುವುದು ಸುಲಭವಿರಲಿಲ್ಲ. ಹೋದ ವರ್ಷದ ತಾರೀಖು, ಹೆಂಡತಿಯ ಅಣ್ಣಂದಿರಿಬ್ಬರ ಸಾಕ್ಷಿ ಸಹಿ, ಎಲ್ಲ ಆಗಿತ್ತು. ಸತ್ತವಳ ಹೆಬ್ಬೆಟ್ಟೊಂದು ಉಳಿದಿತ್ತು.

“ಶಕ್ಕೂ, ಆಕಿ ನಮ್ಮಕ್ಕ.”

“ನಾ ಇಲ್ಲಂದ್ನೇನು? ಆಕಿಗೆ ಮಕ್ಕಳಿಲ್ಲ. ಹಿಂಗ ಬಿಟ್ರ ಸೈಟು ಆಕಿ ಗಂಡನ ಕಡ್ಯಾರಿಗೆ ಹೋಗ್ತದಂತ ನೀವ ಹೇಳಿದ್ರಿ. ಗಂಡ ಸತ್ತ ಮೂರನೇ ತಿಂಗಳಿಗೆ ಆಕೀನ್ನ ಹೊರಗ ಹಾಕಿದವ್ರವರು. ಅವ್ರಿಗೆ ಕೊಡ್ತೀರೇನು?”

ಅಂಗಳದಲ್ಲಿ ಓಣಿಯ ಹೆಂಗಸರು ಭಜನೆ ಹೇಳುತ್ತಿದ್ದರು. ಅವನು ತಲೆ ತಗ್ಗಿಸಿ ಅಕ್ಕನ ಬಾಡಿಗೆಯ ತಗಡಿನ ಕೋಣೆಯೊಳಕ್ಕೆ ಹೋದ.

*

ಇಪ್ಪತ್ನಾಲ್ಕು ವರ್ಷದ ಹಿಂದೆ ಅಕ್ಕನನ್ನು ತನ್ನದೇ ಕಚೇರಿಗೆ ಕರೆಸಿಕೊಂಡಿದ್ದ. ಸರಕಾರಿ ನೌಕರ ಆಸ್ತಿ ಕೊಳ್ಳಬೇಕಾದರೆ ಮೊದಲೇ ಅನುಮತಿ ಕೇಳಬೇಕು, ಹಣ ಎಲ್ಲಿಂದ ಬಂತು ಎಂದು ತೋರಿಸಬೇಕು. ಅವನ ಮೇಜಿನ ಸೆಳೆಖಾನೆಗೆ ಬಂದು ಬೀಳುತ್ತಿದ್ದ ಹಣಕ್ಕೆ ತೋರಿಸುವಂಥ ಊರು ಕೇರಿ ಇರಲಿಲ್ಲ.

“ಏನಪಾ ಇದು?” ಎಂದಳು ನೀಲವ್ವ, ಮಸಿ ಹತ್ತಿದ ಬೆರಳನ್ನು ತಲೆಗೂದಲಿಗೆ ಒರೆಸಿಕೊಳ್ಳುತ್ತ.

“ಒಂದು ಜಾಗಾ. ನಿನ್ನ ಹೆಸರ್ಲೆ ಇರ್ತದ, ಅಷ್ಟ.”

“ನನ್ನ ಹೆಸರ್ಲೆ?” ಅವಳಿಗೆ ನಗು ಬಂತು. “ಎಷ್ಟು ದೊಡ್ಡದೈತಿ?”

“ಮೂವತ್ತು ನಲವತ್ತು. ಯಾರ ಮುಂದೂ ಆಡಬ್ಯಾಡ.”

ಎಲ್ಲಿದೆ ಎಂದು ಅವಳು ಕೇಳಲಿಲ್ಲ. ಅವನು ತೋರಿಸಲೂ ಇಲ್ಲ. ಅಲ್ಲಿಂದಾಚೆ ಪ್ರತಿ ವರ್ಷ ಆಸ್ತಿ ವಿವರದ ನಮೂನೆ ತುಂಬುವಾಗ, ‘ಕುಟುಂಬದವರ ಹೆಸರಿನಲ್ಲಿ’ ಎಂಬ ಸಾಲಿನ ಎದುರು ದುಂಡಗೆ ‘ಇಲ್ಲ’ ಎಂದು ಬರೆಯುತ್ತಿದ್ದ. ಅಕ್ಕ ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲವೆಂದು ನಿಯಮ ಓದಿಯೇ ತಿಳಿದುಕೊಂಡಿದ್ದ.

ಅದಾಗಿ ಆರು ವರ್ಷಕ್ಕೆ ಯಾರೋ ಅವನ ಮೇಲೆ ಮೂಗರ್ಜಿ ಬರೆದರು. ವಿಚಾರಣೆಯ ದಿನ ಅವನು ಹೊರಗೆ ಬೆಂಚಿನ ಮೇಲೆ ಕೂತಿದ್ದ. ಒಳಗಿನಿಂದ ಅಕ್ಕನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು.

“ನಂದ ಐತ್ರಿ ಸಾಹೇಬ್ರ. ರೊಟ್ಟಿ ಮಾರಿ ತಗೊಂಡೀನಿ.”

“ದಿನಾ ಎಷ್ಟು ರೊಟ್ಟಿ ಮಾಡ್ತೀಯವ್ವಾ?”

“ಒಲಿ ಮುಂದ ಕುಂತಾಕಿಗೆ ಏನ್ ಗೊತ್ತಿರ್ತದ್ರಿ. ಹಿಟ್ಟು ಮುಗಿಯೂತನಾ ಬಡೀತೀನಿ.”

ಜಾಗದ ಪಂಚನಾಮೆಗೆಂದು ಅವಳನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸಂಜೆ ಬಿಟ್ಟುಬಿಟ್ಟಾಗ ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. “ಸುಳ್ಳು ಸರಿಯಾಗಿ ಹೇಳಿದ್ನೇನಪಾ?” ಎಂದು ಕೇಳಿದಳು. ಜೊತೆಗಿದ್ದದ್ದನ್ನು ಯಾರಾದರೂ ನೋಡಿಯಾರೆಂದು ಅವನು ಅವಳನ್ನು ಬಸ್ ನಿಲ್ದಾಣದ ದಾರಿಗೆ ಹಚ್ಚಿ, ತಾನು ಇನ್ನೊಂದು ಬೀದಿ ಹಿಡಿದ. ಬೆಳಗಿನಿಂದ ಅವಳು ಏನಾದರೂ ತಿಂದಿದ್ದಳೋ ಇಲ್ಲವೋ, ಕೇಳಿರಲಿಲ್ಲ.

*

ನೀಲವ್ವನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಮಹಾರುದ್ರಪ್ಪ ಪಕ್ಕದಲ್ಲಿ ಮೊಣಕಾಲೂರಿ ಬಲಗೈ ಎತ್ತಿಕೊಂಡ. ಅದು ತಣ್ಣಗೆ, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಪ್ಯಾಡಿನ ಮುಚ್ಚಳ ತೆರೆದು ಹೆಬ್ಬೆರಳನ್ನು ಬೆಳಕಿಗೆ ತಿರುಗಿಸಿದ. ಅದರ ಮೇಲೆ ಒಂದು ಗೆರೆಯೂ ಉಳಿದಿರಲಿಲ್ಲ. ಕಾದ ಹಂಚು ಎಲ್ಲವನ್ನೂ ಸವೆಸಿ ನುಣ್ಣಗೆ ಮಾಡಿತ್ತು.

“ಇನ್ನೂ ಎಲ್ಲಿ ಒತ್ತಿಸ್ತೀರಿ ಸಾಹೇಬ್ರ?”

ಬಾಗಿಲಲ್ಲಿ ಮಾಬೂಬಿ ನಿಂತಿದ್ದಳು. ಕೋಣೆಯ ಒಡತಿ, ಹತ್ತೊಂಬತ್ತು ವರ್ಷ ನೀಲವ್ವನ ಗೋಡೆಗೆ ಗೋಡೆ ಹಚ್ಚಿ ಬಾಳಿದವಳು. ಅವನು ಕೈ ಬಿಟ್ಟ.

“ರೇಶನ್ ಅಂಗಡ್ಯಾಗ ಮಶಿನ್ ಆಕಿ ಬಟ್ಟು ಹಿಡೀತಿದ್ದಿಲ್ಲ,” ಎಂದಳು ಮಾಬೂಬಿ, ದನಿ ಏರಿಸದೆ. “ಸರಕಾರದ ಮನಿ ಅರ್ಜಿಗೆ ಮಾತ್ರ ಮೂರು ಸಲ ಹಿಡೀತು. ಮೂರೂ ಸಲ ವಾಪಸ್ ಕಳಿಸಿದ್ರು. ‘ನಿನ್ನ ಹೆಸರ್ಲೆ ಸೈಟೈತಿ, ಇಲ್ಲದವ್ರಿಗೆ ಕೊಡೂದಿದು’ ಅಂದ್ರು. ಈ ತಗಡಿನ ಕೆಳಗ ಬ್ಯಾಸಿಗ್ಯಾಗ ಆಕಿ ಹಸಿ ಸೀರಿ ಹೊತ್ಕೊಂಡು ಮಲಗತಿದ್ಲು, ನಿಮಗ ಗೊತ್ತೇನ್ರಿ?”

“ನನಗ ಹೇಳಲೇ ಇಲ್ಲ.”

“ನಾ ಹೊಂಟು ನಿಂತಿದ್ದೆ ನಿಮ್ಮನಿಗೆ. ಕೈ ಹಿಡಕೊಂಡ್ಲು. ‘ಬ್ಯಾಡ ಬೀ, ತಮ್ಮನ ನೌಕರಿಗೆ ಕುತ್ತು ಬರ್ತದ’ ಅಂದ್ಲು.” ಮಾಬೂಬಿ ತನ್ನ ಸೆರಗಿನ ತುದಿಯಿಂದ ನೀಲವ್ವನ ಹೆಬ್ಬೆರಳನ್ನು ಒರೆಸಿದಳು. ಅದಕ್ಕೆ ಶಾಯಿ ತಾಗಿರಲೇ ಇಲ್ಲ, ಆದರೂ ಒರೆಸಿದಳು. “ಹೊರಗ ನಡೀರಿ. ಹೂವು ಹಾಕೂದೈತಿ.”

ಅವನ ಮುಖ ನೋಡಿದ್ದೇ ಹೆಬ್ಬೆಟ್ಟು ಬಿದ್ದಿಲ್ಲವೆಂದು ತಿಳಿದು ಶಕುಂತಲಾ ಅತ್ತ ತಿರುಗಿದಳು.

*

ಮಣ್ಣು ಕೊಟ್ಟು ಮುಗಿಯುವ ಹೊತ್ತಿಗೆ ನೀಲವ್ವನ ಮೈದುನನ ಮಗ ಗುರುಶಾಂತ ಬಂದ. ಹೆಣ ಕೂರಿಸಿದ ವಿಮಾನವನ್ನು ಹೆಗಲಿಂದ ಇಳಿಸುವಾಗ ಇರಲಿಲ್ಲ, ಕುಣಿಗೆ ಇಳಿಸುವಾಗಲೂ ಇರಲಿಲ್ಲ. ಒಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು ನೇರ ಮಹಾರುದ್ರಪ್ಪನ ಬಳಿ ನಿಂತ.

“ಮಾವಾರ, ತಪ್ಪು ತಿಳೀಬ್ಯಾಡ್ರಿ. ಒಂದು ಮಾತು ಎಲ್ಲಾರ ಮುಂದ ಕೇಳಿಬಿಡ್ತೀನಿ. ಆ ಸೈಟು ದೊಡ್ಡವ್ವಂದೋ, ನಿಮ್ಮದೋ?”

ಸನಿಕೆ ಹಿಡಿದವರೂ ನಿಂತರು. ಓಣಿಯವರು, ಕಚೇರಿಯಿಂದ ಬಂದಿದ್ದ ನಾಲ್ವರು, ದೂರದಲ್ಲಿ ಬೇವಿನ ಗಿಡದ ಕೆಳಗೆ ಮಾಬೂಬಿ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ಅಕ್ಕಂದು,” ಎಂದ ಮಹಾರುದ್ರಪ್ಪ.

“ಆಕಿ ಎಲ್ಲಿಂದ ತಗೊಂಡ್ಲ್ರಿ?”

“ರೊಟ್ಟಿ ಮಾರಿ ತಗೊಂಡಿದ್ಲು.”

ಕಚೇರಿಯವರಲ್ಲಿ ಒಬ್ಬ ಕೆಮ್ಮಿದ. ಗುರುಶಾಂತ ತೃಪ್ತಿಯಿಂದ ತಲೆಯಾಡಿಸಿ, “ಹಂಗಾರ ಆತು ಬಿಡ್ರಿ, ವಾರಸಾ ನಮ್ಮದ,” ಎಂದ. ಅಕ್ಕನ ಮಾತಿಗೆ ಬೆಲೆ ಕೊಟ್ಟು ಹಾಗೆಂದೆ ಎಂದು ನಂಬಲು ಮಹಾರುದ್ರಪ್ಪನಿಗೂ ಆಸೆಯಿತ್ತು. ಆದರೆ ಬಾಯಿ ತೆರೆಯುವಾಗ ಮನಸ್ಸಿಗೆ ಬಂದದ್ದು ಬೇರೆ: ನಿವೃತ್ತಿಗೆ ನಾಲ್ಕು ತಿಂಗಳಿತ್ತು. ಅವಳ ಸುಳ್ಳಿನ ಹಿಂದೆ ಇನ್ನೊಮ್ಮೆ ಅಡಗಿ ಕೂತಿದ್ದ, ಅದೂ ಅವಳ ಮೇಲಿನ ಮಣ್ಣು ಇನ್ನೂ ಹಸಿಯಿರುವಾಗ.

ಮಂದಿ ಕೈಕಾಲು ತೊಳೆಯಲು ನಲ್ಲಿಯತ್ತ ಹೋದರು. ಅವನು ಹಾಗೇ ರಸ್ತೆಗಿಳಿದು, ಊರಾಚೆಯ ಬಡಾವಣೆಗೆ ನಡೆದ. ಇಷ್ಟು ವರ್ಷ ಯಾರಾದರೂ ಕಂಡಾರೆಂಬ ಅಂಜಿಕೆಯಿಂದ ಆ ದಿಕ್ಕಿಗೆ ತಲೆ ಹಾಕಿರಲಿಲ್ಲ. ಖಾಲಿ ನಿವೇಶನಗಳಲ್ಲಿ ಜಾಲಿ ಬೆಳೆದು, ಊರಿನ ಕಸವೆಲ್ಲ ಬಂದು ಬಿದ್ದಿತ್ತು. ನಡುವೆ ಒಂದೇ ಒಂದು ತುಂಡು ಅಂಗಳದಂತೆ ಸ್ವಚ್ಛವಾಗಿತ್ತು. ಕಸಬರಿಗೆಯ ಗೀರು ಮಣ್ಣಿನಲ್ಲಿ ಇನ್ನೂ ಕಾಣುತ್ತಿತ್ತು.

“ಅದು ಮಾರಾಕಿಲ್ಲರಿ,” ಎಂದ ಪಕ್ಕದ ಮನೆಯ ಕಟ್ಟೆಯ ಮೇಲಿದ್ದ ಮುದುಕ. “ಒಬ್ಬಾಕಿ ರೊಟ್ಟಿ ಮಾರಾಕೀದು.”

“ಬರ್ತಾಳೇನ್ರಿ ಇಲ್ಲಿಗೆ?”

“ತಿಂಗಳಾ ಬಂದು ಕಳೆ ಕೀಳ್ತಾಳ. ಎಳ್ಳಮಾಸಿ ಹಬ್ಬಕ್ಕ ಮಂದಿ ಅಡಗಿ ಬುಟ್ಟಿ ಹೊತ್ಕೊಂಡು ಹೊಲಕ್ಕ ಹೋದ್ರ ಆಕಿ ಇಲ್ಲಿಗೆ ಬರ್ತಾಳ. ಭೂಮ್ತಾಯಿ ಉಣ್ಲಿ ಅಂತ ನಾಕೂ ಮೂಲಿಗೆ ಚರಗ ಚೆಲ್ಲಿ, ಒಬ್ಬಾಕೇನ ಕುಂತು ಉಂಡು ಹೋಗ್ತಾಳ. ಮೊನ್ನೆ ಹಬ್ಬಕ್ಕೂ ಬಂದಿದ್ಲು. ಮನಿ ಯಾಕ ಕಟ್ಟಿಸವಲ್ಲಿಯವ್ವಾ ಅಂದ್ರ ಬರೇ ನಗ್ತಾಳ.”

ಮಹಾರುದ್ರಪ್ಪ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಒಳಗಿಟ್ಟ. ಮೂಡಣ ಮೂಲೆಯಲ್ಲಿ, ಹೊಲದಲ್ಲಿ ಪೂಜೆಗಿಡುವ ಪಾಂಡವರಂತೆ, ಸುಣ್ಣ ಬಳಿದ ಐದು ಪುಟ್ಟ ಕಲ್ಲುಗಳು ಸಾಲಾಗಿ ಕೂತಿದ್ದವು. ಮುಂದೆ ಮುತ್ತಲದ ಎಲೆಯೊಂದು ಒಣಗಿ ಮುರುಟಿತ್ತು. ಅದರೊಳಗಿನ ಕಡುಬಿನ ಚೂರುಗಳನ್ನು ಹೊತ್ತ ಇರುವೆಗಳ ಸಾಲು ಅವನ ಬರಿಗಾಲನ್ನು ಬಳಸಿ, ಗಡಿಯ ಕಲ್ಲು ದಾಟಿ, ಪಕ್ಕದವರ ಜಾಗಕ್ಕೆ ಇಳಿದು ಹೋಗುತ್ತಿತ್ತು.