ಎದುರಂಗಡಿಯಲ್ಲಿಟ್ಟ ಪ್ರತಿ

ಮಗಳು ಇನ್ನೊಮ್ಮೆ ಸ್ವಿಚ್ ಒತ್ತಲು ಹೋದಾಗ ಎದುರಂಗಡಿಯ ಟೈಲರ್ ಅವಳ ಕೈ ಹಿಡಿದುಕೊಂಡ.

"ಬೇಡ ಕಣಮ್ಮ. ಟಕ್ ಟಕ್ ಅಂತಿರೋ ಡಿಸ್ಕನ್ನ ಮತ್ತೆ ಮತ್ತೆ ಆನ್ ಮಾಡಿದ್ರೆ ಉಳಿದಿರೋದೂ ಹೋಗತ್ತೆ. ನಿಮ್ಮಪ್ಪ ಬೈದು ಬೈದು ಕಲಿಸಿದ್ದು ಇದು."

ಹೊರಗಿನ ಕೋಣೆಯಲ್ಲಿ ಅಪ್ಪ ಮಲಗಿದ್ದ, ಹೊಸ ಅಂಗಿಯಲ್ಲಿ, ಎಂದೂ ಇಲ್ಲದಷ್ಟು ಶಿಸ್ತಾಗಿ. ಕಂಡವರ ಕೆಟ್ಟ ಹಾರ್ಡ್ ಡಿಸ್ಕುಗಳಿಂದ ಕಳೆದುಹೋದದ್ದನ್ನೆಲ್ಲ ಜೀವಮಾನವಿಡೀ ಹೆಕ್ಕಿ ಕೊಟ್ಟವನು. ಅವನು ಹೋದ ಮರುದಿನವೇ, ಹಳೆಯ ವಿಡಿಯೋಗಳೆಲ್ಲ ಇದ್ದ ಮನೆಯ ಡಿಸ್ಕು ಕೆಟ್ಟು ಕೂತಿತ್ತು. ಅಮ್ಮ ಬೆಳಗಿನಿಂದ ಅತ್ತಿರಲಿಲ್ಲ, ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಕೇಳಿದ್ದು ಒಂದನ್ನೇ: "ಕರ್ಕೊಂಡು ಹೋಗೋ ಮುಂಚೆ ಅವರು ನಗೋದನ್ನ ಒಂದ್ಸಲ ಕೇಳಿಸೇ." ಗಂಟಲಿನ ಕಾಯಿಲೆ ಅವನ ದನಿ ಕಿತ್ತುಕೊಂಡು ವರ್ಷವಾಗಿತ್ತು. ಮಗಳ ಹೊಸ ಫೋನಿನಲ್ಲಿದ್ದುದೆಲ್ಲ ಮಾತಿಲ್ಲದ ಮುಖವೇ.

"ಮತ್ತೇನ್ಮಾಡ್ಲಿ ಮಾವ?"

"ಸ್ವಲ್ಪ ತಡಿ," ಎಂದ ಟೈಲರ್ ಚಪ್ಪಲಿಯನ್ನೂ ಮೆಟ್ಟದೆ ರಸ್ತೆ ದಾಟಿ ಓಡಿದ.

* * *

ಮಗಳಿನ್ನೂ ಶಾಲೆಗೆ ಹೋಗುತ್ತಿದ್ದಾಗ ಟೈಲರ್ ಅಪ್ಪನ ಮೇಜಿನ ಮೇಲೆ ಒಂದು ಸತ್ತ ಡಿಸ್ಕು ತಂದಿಟ್ಟಿದ್ದ. ತೀರಿಕೊಂಡ ಹೆಂಡತಿ ಹಾಡಿದ ಹಾಡು ಅದರಲ್ಲಿತ್ತು. ಅಪ್ಪ ವಾರಗಟ್ಟಲೆ ಅದರ ಬೆನ್ನು ಹತ್ತಿ, ಕೊನೆಗೊಂದು ಸಂಜೆ ಹಾಡಿಸಿಯೇ ಬಿಟ್ಟ. ಟೈಲರ್ ಬಿಕ್ಕಿ ಬಿಕ್ಕಿ ಅತ್ತ.

"ಅತ್ತಿದ್ದಾಯ್ತಲ್ಲ? ಈಗ ಎರಡು ಪ್ರತಿ ಮಾಡಿ, ಒಂದನ್ನ ಬೇರೆಯವರ ಮನೇಲಿಡಿ," ಎಂದ ಅಪ್ಪ. "ಒಂದೇ ಕಡೆ ಇಟ್ಟು ನಾಳೆ ನೀರು ನುಗ್ಗಿದ್ರೆ ಎರಡಕ್ಕೂ ಒಟ್ಟಿಗೆ ನಮಸ್ಕಾರ."

"ನನಗ್ಯಾರಿದ್ದಾರೆ ಸ್ವಾಮಿ, ಯಾರ ಮನೇಲಿಡ್ಲಿ?"

"ನಮ್ಮನೇಲಿಡಿ. ನಮ್ಮದನ್ನ ನೀವಿಟ್ಕೊಳ್ಳಿ."

ಅಂದಿನಿಂದ ತಿಂಗಳಿಗೊಮ್ಮೆ ಡಿಸ್ಕುಗಳು ರಸ್ತೆ ದಾಟಿ ಹೋಗಿಬರುತ್ತಿದ್ದವು. "ಒಳ್ಳೇ ಬೀಗರ ಹಾಗಾಡ್ತೀರಲ್ಲ ಇಬ್ಬರೂ!" ಎಂದು ಅಮ್ಮ ರೇಗಿಸುತ್ತಿದ್ದಳು.

* * *

ಟೈಲರ್ ತಾನೇ ಹೊಲಿದ ದಪ್ಪ ಬಟ್ಟೆಯ ಚೀಲವನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತ ಬಂದ.

"ನಿಮ್ಮಪ್ಪ ಕಾಯಿಲೆ ಬಿದ್ದಮೇಲೆ ಹೊಸದು ಬಂದಿಲ್ಲ. ಹಳೇದೆಲ್ಲ ಇದೆ ಕಣಮ್ಮ."

ಮಗಳು ಅವನನ್ನು ತಬ್ಬಿಕೊಂಡೇಬಿಟ್ಟಳು. "ನಿಮ್ಮ ಋಣ ಹೇಗೆ ತೀರಿಸ್ಲಿ ಮಾವ?"

"ನನ್ನವಳ ಹಾಡು ನಾನು ದಿನಾ ಕೇಳ್ತೀನಿ. ಋಣ ಯಾರದ್ದು, ನೀನೇ ಹೇಳು."

ಲ್ಯಾಪ್‌ಟಾಪನ್ನು ಹೊರಗಿನ ಕೋಣೆಗೆ ತಂದಾಗ ಜನ ಸರಿದು ಜಾಗ ಬಿಟ್ಟರು. ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದಿನ ಅಪ್ಪನ ಮೇಜಿನ ಮುಂದೆ ಉಸಿರು ಬಿಗಿಹಿಡಿದು ಕೂತವರೇ. ಈಗಲೂ ಹಾಗೆಯೇ ನಿಂತರು.

ಪರದೆಯ ಮೇಲೆ ಅಪ್ಪ ಮಗಳ ಪುಟ್ಟ ಸೈಕಲ್ ಏರಿ, ಮಹಾರಾಜನ ಗತ್ತಿನಲ್ಲಿ ಹೊರಟು, ಸೀದಾ ಪೊದೆಯೊಳಕ್ಕೆ ನುಗ್ಗಿದ. ಎಲೆಗಳ ನಡುವಿನಿಂದ ಅವನ ನಗು ಉಕ್ಕಿತು. ಕೋಣೆಯಲ್ಲಿದ್ದವರೂ ತಡೆಯಲಾರದೆ ನಕ್ಕರು.

"ಏ, ನಗ್ತಾ ನಿಂತ್ಯಲ್ಲೇ! ಬಂದು ಎಬ್ಬಿಸೇ ನನ್ನ!" ವಿಡಿಯೋ ಹಿಡಿದಿದ್ದ ಅಮ್ಮನನ್ನು ಪರದೆಯಿಂದ ಕರೆದ ಅಪ್ಪ.

ಅಮ್ಮ ಧಡಕ್ಕನೆ ಎದ್ದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು, ನಗು ನಿಲ್ಲುತ್ತಿರಲಿಲ್ಲ. "ಬಂದೆ ರೀ, ಬಂದೆ," ಎನ್ನುತ್ತ, ಮಲಗಿದ್ದವನ ಕಡೆಗೆ ಎರಡೂ ಕೈ ಚಾಚಿದಳು.