ಯಾಸೋನನ ಪಕ್ಕದ ಮನೆ

ಪ್ಲೈವುಡ್ ಗೋಡೆಯಾಚೆ ಮೊದಲ ಏಟು ಬಿದ್ದಾಗ ಕಾಂತಮ್ಮನ ಕಾಲು ತಾನಾಗಿಯೇ ಹೊಲಿಗೆ ಮಿಷನ್ನಿನ ಪೆಡಲನ್ನು ಒತ್ತಿತು. ಎರಡು ವರ್ಷದ ಅಭ್ಯಾಸ. ಆಚೆ ಅಲೆಕ್ಸಾಂಡರ್ ಹೆಂಡತಿ ರಾಜೀವಿಗೆ ಹೊಡೆಯತೊಡಗಿದರೆ ಈಚೆ ಇವಳು ಹೊಲಿಯತೊಡಗುವಳು. ಏಟು ಜೋರಾದಷ್ಟೂ ಮಿಷನ್ ಜೋರು. ಕೊಲ್ಲಿ ನಾಡಿನ ಸತ್ವಾ ಬಡಾವಣೆಯ ಆ ಹಳೆಯ ವಿಲ್ಲಾದಲ್ಲಿದ್ದ ನಾಲ್ಕು ಕೋಣೆಗಳವರಲ್ಲಿ ಒಬ್ಬರೂ ಆ ಸದ್ದಿನ ಬಗ್ಗೆ ದೂರಿದವರಲ್ಲ.

ವಿಲ್ಲಾದ ಕರಾರು ಅಲೆಕ್ಸಾಂಡರನ ಹೆಸರಿನಲ್ಲಿತ್ತು. ಅವನು ಕನ್ನಡ ಕ್ರೈಸ್ತ ಸಭೆಯ ಕಾರ್ಯದರ್ಶಿ; ಗಂಡ ತೀರಿದ ಮೇಲೆ ಕಾಂತಮ್ಮನಿಗೆ ಕೋಣೆ ಕೊಟ್ಟವನು. ಅವನು ಕೀರ್ತನೆ ಹಾಡುವುದನ್ನು ಕೇಳಿ ಅವಳು ಕಣ್ಣೊರೆಸಿಕೊಂಡದ್ದೂ ಉಂಟು. ಅವನು ಬೇಡವೆಂದರೆ ಐವತ್ತಾರರ ವಯಸ್ಸಿನಲ್ಲಿ ಮಿಷನ್ ಹೊತ್ತುಕೊಂಡು ಎಲ್ಲಿಗೆ ಹೋಗುವುದು?

ನಾಳೆ ಮಹಿಳಾ ಭಾನುವಾರ, ಮಾತಾಡುವ ಸರದಿ ಅವಳದು. ಥೆಸಲೋನಿಕದ ಸಭೆ ಬೇರೆ ವಿಶ್ವಾಸಿಗಳಿಗೆ ಹೇಗೆ ಮಾದರಿಯಾಯಿತು ಎಂಬುದು ವಿಷಯ. ರವಿಕೆಯ ಮಾದರಿ ಕತ್ತರಿಸುವ ಕಂದು ಕಾಗದದ ಮೇಲೆಯೇ ಟಿಪ್ಪಣಿ ಬರೆದಿದ್ದಳು. ಸುವಾರ್ತೆ ಸಾರಲು ಅಲ್ಲಿಗೆ ಬಂದ ಪೌಲನಿಗೆ ಯಾಸೋನ ಎಂಬವನು ಮನೆಯಲ್ಲಿ ಜಾಗ ಕೊಟ್ಟ. ಪೌಲ ಸಿಗದಿದ್ದಾಗ ಊರಿನ ಪುಂಡರು ಯಾಸೋನನನ್ನೇ ಎಳೆದುಕೊಂಡು ಹೋದರು. ಆದರೂ ಆ ಸಭೆ ಅಡಗಲಿಲ್ಲ, ಅದರ ಸುದ್ದಿ ಸುತ್ತಲ ಸೀಮೆಗೆಲ್ಲ ಮೊಳಗಿತು.

ನಿನ್ನೆ ಅದನ್ನು ರಾಜೀವಿಗೆ ಓದಿ ಹೇಳಿದ್ದಳು.

"ಯಾಸೋನನ ಪಕ್ಕದ್ಮನೆಯವ್ರು ಆಗ ಎಂತ ಮಾಡ್ತಾ ಇದ್ರು ಅಕ್ಕ?"

"ಅದು ಬರ್ದಿಲ್ಲ ಮಾರಾಯ್ತಿ."

"ಹೊಲೀತಾ ಇದ್ರೋ ಏನೋ," ಎಂದು ರಾಜೀವಿ ನಕ್ಕಿದ್ದಳು. ನೀಲಿಗಟ್ಟಿದ ತೋಳನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ನಕ್ಕಿದ್ದಳು. ರಾತ್ರಿ ಕಾಂತಮ್ಮ ಎರಡು ಸಲ ಎದ್ದು ಟಿಪ್ಪಣಿ ಓದಿದ್ದಳು; ಪಕ್ಕದ ಮನೆಯವರ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ.

ಈಗ ಮಟಮಟ ಮಧ್ಯಾಹ್ನ. ಏನೋ ಭಾರವಾದದ್ದು ಗೋಡೆಗೆ ಅಪ್ಪಳಿಸಿತು, ಮೊಳೆಗೆ ಸಿಕ್ಕಿಸಿದ್ದ ಕತ್ತರಿ ಕೆಳಗೆ ಬಿತ್ತು. ಅಪ್ಪಳಿಸಿದ್ದು ತಲೆ. ಅದು ಕಾಂತಮ್ಮನಿಗೆ ಗೊತ್ತಾಯಿತು, ಅವಳ ಕಾಲು ಪೆಡಲ್ ಬಿಟ್ಟಿತು.

ಮಿಷನ್ ನಿಂತಿತು. ಆ ನಿಶ್ಶಬ್ದದಲ್ಲಿ ಮುಂದಿನ ಏಟು, ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂಥದ್ದು, ವಿಲ್ಲಾಕ್ಕೆಲ್ಲ ಕೇಳಿಸಿತು. ಬಾಗಿಲು ತೆರೆದ ಸದ್ದು, ಓಡಿದ ಕಾಲು, ಕಾಂತಮ್ಮನ ಬಾಗಿಲ ಮೇಲೆ ಅಂಗೈಯ ಬಡಿತ.

"ಅಕ್ಕಾ!"

ಕಾಂತಮ್ಮ ಚಿಲಕ ತೆಗೆದಳು. ರಾಜೀವಿ ಒಳಗೆ ಕುಸಿದಳು. ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿಯುತ್ತಿತ್ತು. ಬಾಗಿಲು ಮುಚ್ಚುವಷ್ಟರಲ್ಲಿ ಅಲೆಕ್ಸಾಂಡರ್ ಅದನ್ನು ಒದ್ದ. ಅಂಚು ಹಿಡಿದು ನಿಂತ ಕಾಂತಮ್ಮನ ಕೈ ಮೇಲೆ ಬಾಗಿಲನ್ನು ಎಳೆದು ಜಜ್ಜಿದ. ಎರಡು ಬೆರಳು ಲಟಕ್ಕೆಂದವು.

"ಅಕ್ಕ, ನಾಳೆ ಸಭೇಲಿ ಮಾತಾಡ್ಲಿಕ್ಕುಂಟಲ್ಲ ನಿಮ್ಗೆ? ಸುಮ್ನೆ ಬಿಡಿ ಅವಳನ್ನ," ಅವನ ದನಿ ಏರಿರಲಿಲ್ಲ, ಕೀರ್ತನೆಯ ಸಂಖ್ಯೆ ಹೇಳುವಂತಿತ್ತು.

"ನಾಳೆ ಎಂತಕ್ಕೆ? ಈಗ್ಲೇ ಮಾತಾಡ್ತೇನೆ."

ಅವನು ಜುಟ್ಟು ಹಿಡಿದು ಕಾಂತಮ್ಮನನ್ನು ಕಾರಿಡಾರಿಗೆ ಎಳೆದ. ಮಂಡಿ ತರಚಿತು, ಅವನು ಬೀಸಿದ ಬೆಲ್ಟಿನ ಬಕಲ್ ಹುಬ್ಬನ್ನು ಸೀಳಿತು, ಕಣ್ಣು ಕೆಂಪಾಗಿ ಮುಚ್ಚಿತು. ಕಾಂತಮ್ಮ ನೆಲದ ಮೇಲಿಂದಲೇ ಕೂಗಿದಳು: "ಇವ ಹೆಂಡ್ತಿಗೆ ಹೊಡೀತಾನೆ! ಎರಡು ವರ್ಷದಿಂದ ಹೊಡೀತಾನೆ! ನಾನು ಕೇಳಿದ್ದೇನೆ! ಕೇಳಿ ಹೊಲ್ದಿದ್ದೇನೆ!"

ಎದುರು ಕೋಣೆಯ ಬ್ಯಾರಿ ಹೆಂಗಸು ನಫೀಸ ಬಾಗಿಲು ತೆರೆದಳು, ಕೈಯಲ್ಲಿ ಕುಕ್ಕರಿನ ಮುಚ್ಚಳ. "ಖಲಾಸ್! ಸಾಕು! ಇನ್ನೊಂದು ಹೊಡಿ ನೋಡುವ!" ಎಂದು ಅವನ ಮಣಿಕಟ್ಟಿಗೆ ಬಾರಿಸಿದಳು. ಅವಳ ಗಂಡ ಫೈಝಲ್ ಹಿಂದಿನಿಂದ ಅವನ ತೋಳು ತಿರುಚಿ ಗೋಡೆಗೊತ್ತಿದ. ಭುಜಕ್ಕೂ ಕಿವಿಗೂ ನಡುವೆ ಫೋನ್ ಸಿಕ್ಕಿಸಿಕೊಂಡು ಪೊಲೀಸರಿಗೆ ವಿಳಾಸ ಹೇಳತೊಡಗಿದ.

"ನಿನ್ನ ಮಿಷನ್ ಇವತ್ತೇ ಬೀದಿಗೆ!" ಅಲೆಕ್ಸಾಂಡರ್ ಉಗುಳಿದ.

"ಹಾಕು. ನಾನೂ ಹಿಂದೆಯೇ ಹೋಗ್ತೇನೆ," ಎಂದಳು ಕಾಂತಮ್ಮ. ಎರಡು ವರ್ಷ ಹೆದರಿದ ಮಾತು ಬಂದೇಬಿಟ್ಟಿತ್ತು. ಬೆರಳಿನ ನೋವಿನಷ್ಟೂ ಅದು ದೊಡ್ಡದೆನಿಸಲಿಲ್ಲ.

ಉಳಿದದ್ದು ಕೊನೆಯ ಕೋಣೆ. ಅಲ್ಲಿದ್ದವಳು ಅಮಿತಾ, ಅವರದೇ ಸಭೆಯವಳು. ನಾಳೆ ಕಾಂತಮ್ಮನ ಮಾತು ಮುಗಿದೊಡನೆ ಪ್ರಾರ್ಥನೆ ಮಾಡಬೇಕಾದವಳು. ಅವಳ ಬಾಗಿಲ ಹಿಂದೆ ಟಿವಿ ಕಿವಿ ಕಿತ್ತುಹೋಗುವಷ್ಟು ಅರಚುತ್ತಿತ್ತು. ಆ ಸದ್ದು ಯಾಕೆಂದು ಕಾಂತಮ್ಮನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ರಾಜೀವಿ ತೆವಳಿಕೊಂಡು ಬಂದು ಕಾಂತಮ್ಮನ ಹುಬ್ಬಿಗೆ ದುಪಟ್ಟಾ ಒತ್ತಿದಳು. ಇಬ್ಬರೂ ಆ ಬಾಗಿಲನ್ನೇ ನೋಡುತ್ತ ಕುಳಿತರು.

ಟಿವಿ ನಿಂತಿತು. ಚಿಲಕ ಸರಿಯಿತು, ಬಾಗಿಲು ತೆರೆಯಿತು.